ವಾರ್ಡಿನ ಫೋಟೊ ಸ್ಟೋರಿಗೆ ಹಾಕುವ ಮುಂಚೆ ಇದನ್ನು ಓದಿ

ಎಂಬಿಬಿಎಸ್, ನರ್ಸಿಂಗ್, ಡೆಂಟಲ್, ಏನೇ ಓದುತ್ತಿರಿ, ವಾರ್ಡಿಗೆ ಹೋಗುವಾಗ ಫೋನ್ ಜೇಬಿನಲ್ಲೇ ಇರುತ್ತದೆ ಅಲ್ವಾ? ಹಾಗಿದ್ದರೆ ನಾನು ಮಾಡಿದ ಎಡವಟ್ಟನ್ನು ಒಮ್ಮೆ ಓದಿಬಿಡಿ.

ಇಂಟರ್ನ್‌ಶಿಪ್‌ನ ಎರಡನೇ ತಿಂಗಳು, ಕ್ಯಾಶುವಾಲಿಟಿಯಲ್ಲಿ ನೈಟ್ ಡ್ಯೂಟಿ. ಟೀಚರ್ ಒಬ್ಬರು ಊಟ ಮಾಡುವಾಗ ಕಟ್ಟಿಸಿಕೊಂಡ ಹಲ್ಲಿನ ಸೆಟ್ ನುಂಗಿಬಿಟ್ಟಿದ್ದರು. ಕುತ್ತಿಗೆಯ ಎಕ್ಸ್-ರೇ ತೆಗೆಸಿದೆವು. ಸೆಟ್ಟಿನ ಪ್ಲಾಸ್ಟಿಕ್ ಭಾಗ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಪಕ್ಕದ ಹಲ್ಲಿಗೆ ಸಿಕ್ಕಿಸುವ ತಂತಿ ಮಾತ್ರ ಸಣ್ಣ ಕೊಕ್ಕೆಯ ಹಾಗೆ ಕಾಣುತ್ತದೆ. ಅದನ್ನು ಮೊದಲು ಗುರುತಿಸಿದ್ದು ನಾನು. ಪಿಜಿ ಸರ್ ಬೆನ್ನು ತಟ್ಟಿದರು. ಅಷ್ಟಕ್ಕೇ ನಾನು ಉಬ್ಬಿಹೋದೆ.

ಫೋಟೊ ತೆಗೆದು, ಮೂಲೆಯಲ್ಲಿದ್ದ ಹೆಸರು, ನಂಬರ್ ಕ್ರಾಪ್ ಮಾಡಿ ಇನ್‌ಸ್ಟಾಗ್ರಾಮ್ ಸ್ಟೋರಿಗೆ ಹಾಕಿದೆ. ಕ್ಲೋಸ್ ಫ್ರೆಂಡ್ಸ್‌ಗೆ ಮಾತ್ರ, ಬರೀ 31 ಜನ. ಕೆಳಗೆ ಒಂದು ಸಾಲು ಬೇರೆ: 'ಊಟದ ಜೊತೆ ಹಲ್ಲೂ ಫ್ರೀ'. ಆಗ ಅದು ತುಂಬಾ ತಮಾಷೆ ಅನ್ನಿಸಿತ್ತು.

ಆ 31 ಜನರಲ್ಲಿ ಒಬ್ಬಳ ತಮ್ಮ ಅದೇ ಟೀಚರ್ ಕ್ಲಾಸಿನಲ್ಲಿದ್ದ. ಟೀಚರ್ ಗಂಟಲಿಗೆ ಏನೋ ಸಿಕ್ಕಿಕೊಂಡು ಆಸ್ಪತ್ರೆ ಸೇರಿದ್ದಾರೆ ಅಂತಷ್ಟೇ ಶಾಲೆಗೆ ಗೊತ್ತಿತ್ತು. ಹುಡುಗ ಎರಡನ್ನೂ ಸೇರಿಸಿದ. ಸ್ಕ್ರೀನ್‌ಶಾಟ್ ಕ್ಲಾಸಿನ ಗ್ರೂಪಿಗೆ ಹೋಯಿತು. ನಾನು ಮುಕ್ಕಾಲು ಗಂಟೆಯಲ್ಲಿ ಸ್ಟೋರಿ ತೆಗೆದಿದ್ದೆ, ಯಾಕೋ ಸರಿಯಿಲ್ಲ ಅನ್ನಿಸಿ. ಸ್ಟೋರಿಯ ಸ್ಕ್ರೀನ್‌ಶಾಟ್ ಯಾರಾದರೂ ತೆಗೆದರೆ ಹಾಕಿದವರಿಗೆ ಗೊತ್ತೇ ಆಗುವುದಿಲ್ಲ.

ಮರುದಿನ ಸಂಜೆ ರೌಂಡ್ಸ್‌ಗೆ ಹೋದಾಗ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಕೇಳಿದರು, "ಹಲ್ಲು ಫ್ರೀ ಅಂತ ಬರೆದವರು ನೀವೇನಾ ಡಾಕ್ಟ್ರೇ?"

ಅವರಿಗೆ ಕಟ್ಟಿಸಿದ ಹಲ್ಲಿದೆ ಅನ್ನೋದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲವಂತೆ.

ಅಲ್ಲಿಂದ ಅವರು ನನ್ನ ಹತ್ತಿರ ಮಾತು ಬಿಟ್ಟರು. ಇದು ಬರೀ ಬೇಜಾರಿನ ವಿಷಯ ಅಂದುಕೊಳ್ಳಬೇಡಿ. ಇಂಥ ಚೂಪು ವಸ್ತು ಸಿಕ್ಕಿಕೊಂಡವರಿಗೆ, ಅದನ್ನು ತೆಗೆದ ಮೇಲೂ, ಅನ್ನನಾಳ ತೂತಾಗಿರುವ ಭಯ ಇದ್ದೇ ಇರುತ್ತದೆ. ಎದೆನೋವು ಇದೆಯಾ, ಜ್ವರ ಬಂತಾ ಅಂತ ಮತ್ತೆ ಮತ್ತೆ ಕೇಳಬೇಕು. ನಾನು ಕೇಳಿದರೆ ಅವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಉತ್ತರ ಸಿಸ್ಟರ್‌ಗೆ ಮಾತ್ರ. ರಾತ್ರಿ ಸಿಸ್ಟರ್ ಬೇರೆ ಬೆಡ್ ಹತ್ತಿರ ಇದ್ದಾಗ ಅವರಿಗೆ ನೋವು ಬಂದಿದ್ದರೆ? ಪುಣ್ಯಕ್ಕೆ ಏನೂ ಆಗಲಿಲ್ಲ.

ವಿಚಾರಣೆ, ಕ್ಷಮಾಪಣೆ ಪತ್ರ, ಡ್ಯೂಟಿ ವಿಸ್ತರಣೆ ಎಲ್ಲ ಆಯಿತು, ಆಗಲೇಬೇಕಿತ್ತು. ಆ ಸಮಯದಲ್ಲೇ ನಾನು ನಿಯಮಗಳನ್ನು ಮೊದಲ ಸಲ ಓದಿದ್ದು. ರೋಗಿಯ ಮಾಹಿತಿಯನ್ನು ಗುಟ್ಟಾಗಿಡಲು ಇರುವ ಅಮೆರಿಕದ ಹಿಪಾ ನಿಯಮದಲ್ಲಿ, ದಾಖಲೆಯಿಂದ ರೋಗಿಯ ಗುರುತು ಅಳಿಸಬೇಕಾದರೆ 18 ಬಗೆಯ ವಿವರ ತೆಗೆಯಬೇಕು ಅಂತಿದೆ. ಹೆಸರು ಅದರಲ್ಲಿ ಒಂದು ಅಷ್ಟೇ. ಆಸ್ಪತ್ರೆಗೆ ಸೇರಿದ ತಾರೀಕೂ ಆ ಪಟ್ಟಿಯಲ್ಲಿದೆ. ಅದೇ ರಾತ್ರಿ ಸ್ಟೋರಿ ಹಾಕಿದ ನಾನು ತಾರೀಕನ್ನು ಕೈಯಾರೆ ಕೊಟ್ಟಿದ್ದೆ. ವಿಶ್ವ ವೈದ್ಯಕೀಯ ಸಂಘ 2011ರಲ್ಲೇ ಸೋಷಿಯಲ್ ಮೀಡಿಯಾ ಬಗ್ಗೆ ವೈದ್ಯರಿಗೆ ಹೇಳಿಕೆ ಹೊರಡಿಸಿದೆ. ನಮ್ಮ ಬ್ಯಾಚಿನಲ್ಲಿ ಅದನ್ನು ಓದಿದವರು ಒಬ್ಬರೂ ನನಗೆ ಸಿಗಲಿಲ್ಲ. ಇನ್ನೊಂದು, ಚಿಕಿತ್ಸೆಗೆ ಹಾಕಿದ ಸಹಿ ಫೋಟೊ ಹಂಚಲು ಕೊಟ್ಟ ಒಪ್ಪಿಗೆ ಅಲ್ಲ.

"ಸುಮ್ನೆ ಡೌಟ್ ಕೇಳೋಕೆ" ಅಂತ ಬ್ಯಾಚ್ ಗ್ರೂಪಿಗೆ ಹಾಕುವ ಫೋಟೊಗಳೂ ಇದೇ ಲೆಕ್ಕ. ಗ್ರೂಪಿನಲ್ಲಿ ಯಾರ ಫೋನ್ ಯಾರ ಕೈಯಲ್ಲಿರುತ್ತದೋ ಯಾರಿಗೆ ಗೊತ್ತು?

ಡಿಸ್ಚಾರ್ಜ್ ದಿನ ಟೀಚರ್ ಒಂದೇ ಮಾತು ಕೇಳಿದರು, "ಆ ಫೋಟೊ ಈಗ ನಿಮ್ಮ ಫೋನಲ್ಲಿ ಇಲ್ಲ ತಾನೇ?" ಗ್ಯಾಲರಿ ತೆರೆದು ತೋರಿಸಿದೆ. ಇರಲಿಲ್ಲ. ತಲೆ ಆಡಿಸಿ ಹೋದರು.

ಎರಡು ವಾರದ ಮೇಲೆ ಲ್ಯಾಪ್‌ಟಾಪಿನಲ್ಲಿ ಬೇರೇನೋ ಹುಡುಕುವಾಗ ಅದು ಸಿಕ್ಕಿತು. ಫೋನ್ ತಾನಾಗಿಯೇ ಬ್ಯಾಕಪ್ ಮಾಡಿತ್ತು. ಕ್ರಾಪ್ ಮಾಡುವ ಮುಂಚಿನದು, ಹೆಸರಿನ ಸಮೇತ.