ಒಂದೇ ಶೇಡ್, ನೆಲಕ್ಕೊಂದು ಬಣ್ಣ ಕ್ಯಾಬಿನೆಟ್‌ಗೊಂದು: ವುಡ್ ಸ್ಟೇನ್ ಬಳಸಿ ಕೆಲವು ವರ್ಷಗಳಾದ ಮೇಲೆ

ನಮ್ಮ ನೆಲ ಓಕ್, ಅಡುಗೆಮನೆಯ ಕ್ಯಾಬಿನೆಟ್ ಮೇಪಲ್. ಎರಡೂ ಒಂದೇ ಬಣ್ಣ ಇರಲಿ ಅಂತ ಒಂದೇ ಕಂಪನಿಯ, ಎಣ್ಣೆ ಆಧಾರಿತ ವಾಲ್ನಟ್ ಶೇಡಿನ ಸ್ಟೇನ್ (ಮರದ ಎಳೆ ಕಾಣುವಂತೆಯೇ ಬಣ್ಣ ಕೊಡುವ ದ್ರವ) ತಂದಿದ್ದೆವು. ಸ್ಟೇನ್ ಒಳ್ಳೆಯದೇ. ಆದರೆ ಶೇಡ್ ಕಾರ್ಡ್ ನೋಡಿ ಬಣ್ಣ ಹೊಂದುತ್ತದೆ ಅಂದುಕೊಂಡರೆ ಕೆಟ್ಟಿರಿ.

ಓಕ್‌ನ ರಂಧ್ರಗಳು ದೊಡ್ಡವು. ಬಣ್ಣ ಅವುಗಳಲ್ಲಿ ಕೂತು ಎಳೆ ಎದ್ದು ಕಾಣುತ್ತದೆ. ಮೇಪಲ್ ಬಿಗಿ ಮರ, ಒಂದು ಕಡೆ ಹೀರಿದರೆ ಇನ್ನೊಂದು ಕಡೆ ಹೀರುವುದಿಲ್ಲ. ಉಳಿದ ತುಂಡಿನ ಮೇಲೆ ಹಚ್ಚಿ ನೋಡಿದಾಗಲೇ ಮೋಡ ಕವಿದ ಹಾಗೆ ಕಲೆಕಲೆ. ಹಾಗಾಗಿ ಕ್ಯಾಬಿನೆಟ್‌ಗೆ ಅದೇ ಶೇಡಿನ ಜೆಲ್ ಸ್ಟೇನ್ ಬಳಸಿದೆವು. ಗಟ್ಟಿ ಇರುವುದರಿಂದ ಅದು ಮೇಲ್ಮೈಯಲ್ಲೇ ನಿಂತು ಸಮನಾಗಿ ಹರಡಿತು. ಉಜ್ಜುವುದೂ ಲೆಕ್ಕಕ್ಕೆ ಬರುತ್ತದೆ: ನೆಲವನ್ನು 100 ಗ್ರಿಟ್‌ಗೆ (ಉಜ್ಜುಕಾಗದದ ಸಂಖ್ಯೆ, ಹೆಚ್ಚಾದಷ್ಟೂ ನುಣುಪು) ನಿಲ್ಲಿಸಿ ಕ್ಯಾಬಿನೆಟ್ ಅನ್ನು 180ರವರೆಗೆ ಉಜ್ಜಿದರೆ, ನುಣುಪಾದದ್ದು ಕಡಿಮೆ ಬಣ್ಣ ಹಿಡಿಯುತ್ತದೆ.

ಕೆಲಸ ಮುಗಿದಾಗ ಎರಡೂ ಚೆನ್ನಾಗಿಯೇ ಹೊಂದಿದ್ದವು. ಈಗ ಹೊಂದುವುದಿಲ್ಲ, ಅದಕ್ಕೆ ಸ್ಟೇನ್ ಕಾರಣವಲ್ಲ. ನೆಲದ ಸ್ಟೇನ್ ಮೇಲೆ ರಕ್ಷಣೆಗೆ ಹಚ್ಚಿದ ಪಾರದರ್ಶಕ ಕೋಟ್ ಎಣ್ಣೆ ಆಧಾರಿತ ಪಾಲಿಯುರೆಥೇನ್, ವರ್ಷ ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಕ್ಯಾಬಿನೆಟ್ ಮೇಲಿನ ನೀರು ಆಧಾರಿತ ಕೋಟ್ ಹೆಚ್ಚುಕಡಿಮೆ ಹಾಗೇ ಇದೆ. ಕಾರ್ಪೆಟ್ ಸರಿಸಿದರೆ ಅದರ ಅಡಿಯ ನೆಲ ಬೇರೆಯೇ ಬಣ್ಣ. ಸಂಜೆ ಹಳದಿ ಬಲ್ಬ್ ಹಾಕಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ನೆಂಟರು ಸಂಜೆಯೇ ಬರುವುದು ಪುಣ್ಯ.

ಜೆಲ್ ಬಗ್ಗೆ ನನ್ನ ತಕರಾರು ಒಂದೇ. ಸಿಂಕ್ ಕೆಳಗಿನ ಬಾಗಿಲಲ್ಲಿ, ಹಿಡಿಕೆಯ ಪಕ್ಕ ಉಗುರು ತಾಗುವ ಅಂಚಿನಲ್ಲಿ ಬಣ್ಣ ಸವೆದು ಬಿಳಿ ಮರ ಇಣುಕುತ್ತಿದೆ. ಬಣ್ಣ ಒಳಗಿಳಿದಿಲ್ಲವಲ್ಲ, ಮೇಲಿನ ಕೋಟ್ ಹೋದರೆ ಅದೂ ಹೋಯಿತು. ನೆಲದಲ್ಲಿ ಜನ ಓಡಾಡುವ ಜಾಗದಲ್ಲೂ ಹೀಗಾಗಿಲ್ಲ.

ನೆಲದ ಸ್ಟೇನ್‌ಗೆ ಐದಕ್ಕೆ ನಾಲ್ಕೂವರೆ, ಜೆಲ್‌ಗೆ ಮೂರು. ಕೊಳ್ಳುವವರು ಆಯಾ ಮರದ ತುಂಡಿನ ಮೇಲೆ, ಕೊನೆಯ ಕೋಟ್ ಸಮೇತ ಹಚ್ಚಿ, ನೆಲದ್ದನ್ನು ಮಲಗಿಸಿ ಕ್ಯಾಬಿನೆಟ್‌ನದ್ದನ್ನು ನಿಲ್ಲಿಸಿ, ಹಗಲಲ್ಲೂ ರಾತ್ರಿಯಲ್ಲೂ ನೋಡಿ. ಡಬ್ಬಿಯ ತಳದಲ್ಲಿ ಕೂತ ಬಣ್ಣವನ್ನು ಕೋಲಿನಿಂದ ಚೆನ್ನಾಗಿ ಕಲಕಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಎಣ್ಣೆ ಸ್ಟೇನ್ ಹತ್ತಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ.

ಬಾಗಿಲುಗಳಿಗೆ ಮತ್ತೆ ಬಣ್ಣ ಹಚ್ಚುವಾಗ ನಾನು ನೆಲಕ್ಕೆ ಹೊಂದಿಸಲು ಹೋಗುವುದಿಲ್ಲ. ಎರಡು ಶೇಡ್ ಗಾಢವಾದದ್ದನ್ನೇ ತರುತ್ತೇನೆ. ಬೇಕೆಂದೇ ಬೇರೆ ಮಾಡಿದ್ದು ಕಣ್ಣಿಗೆ ಒಪ್ಪುತ್ತದೆ, ಒಂದೆಳೆ ತಪ್ಪಿದ್ದೇ ಕುಟುಕುವುದು.