ಏರ್‌ಫೈಬರ್ ನಂಬಿ ಷೇರು ಕೊಳ್ಳುವುದಾದರೆ: ಏರ್‌ಟೆಲ್, ರಿಲಯನ್ಸ್, ಹೆಕ್ಸಾಕಾಮ್

ಕೇಬಲ್ ಎಳೆಯದೆ 5ಜಿ ಮೂಲಕವೇ ಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ವ್ಯವಹಾರ ಬೆಳೆಯುತ್ತದೆ ಎಂಬ ನಂಬಿಕೆಯಿಂದ ನಾನು ಭಾರ್ತಿ ಏರ್‌ಟೆಲ್, ರಿಲಯನ್ಸ್ ಇಂಡಸ್ಟ್ರೀಸ್ ಮತ್ತು ಏರ್‌ಟೆಲ್‌ನ ಅಂಗಸಂಸ್ಥೆ ಭಾರ್ತಿ ಹೆಕ್ಸಾಕಾಮ್ ಷೇರುಗಳನ್ನು ಕೊಂಡು ನೋಡಿದ್ದೇನೆ. ಈಗ ನನ್ನ ಡಿಮ್ಯಾಟ್ ಖಾತೆಯಲ್ಲಿ ಹೆಚ್ಚಿನ ಪಾಲು ಏರ್‌ಟೆಲ್‌ನದೇ ಆಗಿರುವುದರಿಂದ ಈ ಹೋಲಿಕೆ ನಿಷ್ಪಕ್ಷಪಾತವಾದದ್ದೆಂದು ಹೇಳಿಕೊಳ್ಳಲಾರೆ. ಏರ್‌ಟೆಲ್ 2023ರ ಆಗಸ್ಟ್‌ನಲ್ಲಿ, ರಿಲಯನ್ಸ್‌ನ ಜಿಯೋ ಅದೇ ವರ್ಷದ ಗಣೇಶ ಚತುರ್ಥಿಯಂದು ಏರ್‌ಫೈಬರ್ ಎಂಬ ಹೆಸರಿನಲ್ಲಿ ಈ ಸೇವೆ ಆರಂಭಿಸಿದವು. ವೇಗ, ಪ್ಲಾನ್, ಒಟಿಟಿ ಕೊಡುಗೆಗಳ ಚರ್ಚೆ ಎಲ್ಲೆಡೆ ಸಿಗುವುದರಿಂದ ಅದನ್ನು ಬಿಟ್ಟಿದ್ದೇನೆ.

ಜಾಲದ ದೃಷ್ಟಿಯಿಂದ ಜಿಯೋ ಮುಂದಿತ್ತು ಎಂಬುದನ್ನು ಒಪ್ಪಲೇಬೇಕು. 2022ರ ತರಂಗಾಂತರ ಹರಾಜಿನಲ್ಲಿ ಅದು ₹88,078 ಕೋಟಿ ಸುರಿದರೆ ಏರ್‌ಟೆಲ್ ಖರ್ಚು ಮಾಡಿದ್ದು ₹43,084 ಕೋಟಿ. ಜಿಯೋ ಮೊದಲಿನಿಂದಲೇ ಸ್ಟ್ಯಾಂಡಲೋನ್ 5ಜಿ, ಅಂದರೆ 4ಜಿ ಜಾಲದ ಆಸರೆಯಿಲ್ಲದ 5ಜಿ, ಕಟ್ಟಿದ್ದರಿಂದ ಜಾಲದ ಒಂದು ಭಾಗವನ್ನು ಮನೆ ಸಂಪರ್ಕಕ್ಕೆಂದೇ ಮೀಸಲಿಡಬಲ್ಲದು. ಏರ್‌ಟೆಲ್ ಆ ದಾರಿಗೆ ಬಂದದ್ದು ತಡವಾಗಿ.

ಆದರೆ ನಾನು ಕೊಳ್ಳುತ್ತಿರುವುದು ಜಾಲವನ್ನಲ್ಲ, ಷೇರನ್ನು. ತೊಡಕು ಇರುವುದು ಅಲ್ಲೇ. ನಾನು ಕೊಂಡಾಗ ಜಿಯೋದಲ್ಲಿ ಹಣ ಹೂಡಲು ಸಾಮಾನ್ಯ ಹೂಡಿಕೆದಾರನಿಗೆ ಇದ್ದ ಬಾಗಿಲು ರಿಲಯನ್ಸ್ ಒಂದೇ, ಮತ್ತು ರಿಲಯನ್ಸ್ ಷೇರು ಎಂದರೆ ತೈಲ ಶುದ್ಧೀಕರಣ, ಪೆಟ್ರೋಕೆಮಿಕಲ್, ಚಿಲ್ಲರೆ ಮಾರಾಟ ಎಲ್ಲವೂ ಸೇರಿದ ದೊಡ್ಡ ಗಂಟು. ಜಿಯೋದ ಒಡೆತನವಿರುವ ಜಿಯೋ ಪ್ಲಾಟ್‌ಫಾರ್ಮ್ಸ್ ಕಂಪನಿಯಲ್ಲಿಯೂ ರಿಲಯನ್ಸ್‌ನ ಪಾಲು ಸುಮಾರು ಮೂರನೇ ಎರಡರಷ್ಟು ಮಾತ್ರ. 2020ರಲ್ಲಿ ಶೇ 9.99ರಷ್ಟನ್ನು ಮೆಟಾ, ಶೇ 7.73ರಷ್ಟನ್ನು ಗೂಗಲ್, ಉಳಿದದ್ದನ್ನು ಇತರ ಹೂಡಿಕೆದಾರರು ಕೊಂಡಿದ್ದಾರೆ. ಹಾಗಾಗಿ ಏರ್‌ಫೈಬರ್ ಗ್ರಾಹಕರು ಎಷ್ಟೇ ಹೆಚ್ಚಿದರೂ ಕಚ್ಚಾ ತೈಲದ ಶುದ್ಧೀಕರಣದಲ್ಲಿ ಸಿಗುವ ಲಾಭ ಕುಗ್ಗಿದ ತ್ರೈಮಾಸಿಕದಲ್ಲಿ ಷೇರಿನ ಬೆಲೆ ಇಳಿಯಬಹುದು, ಅದರಲ್ಲಿ ಏರ್‌ಫೈಬರ್‌ನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು.

ವರದಿ ಓದಲು ಕುಳಿತರೆ ಇನ್ನೊಂದು ಮುಸುಕು ಎದುರಾಗುತ್ತದೆ. ಜಿಯೋ ಪ್ರಕಟಿಸುವ ಎಆರ್‌ಪಿಯು, ಅಂದರೆ ಪ್ರತಿ ಗ್ರಾಹಕನಿಂದ ತಿಂಗಳಿಗೆ ಬರುವ ಸರಾಸರಿ ಆದಾಯ, ಮೊಬೈಲ್ ಮತ್ತು ಮನೆ ಸಂಪರ್ಕ ಎರಡನ್ನೂ ಬೆರೆಸಿದ ಒಂದೇ ಅಂಕಿ. ಅದರ ಏರ್‌ಫೈಬರ್ ಗ್ರಾಹಕರ ಲೆಕ್ಕದಲ್ಲಿ 5ಜಿ ಮನೆಗಳ ಜೊತೆಗೆ ಪರವಾನಗಿ ಬೇಡದ ತರಂಗಾಂತರ ಬಳಸುವ ಯುಬಿಆರ್ ಸಂಪರ್ಕಗಳೂ ಸೇರಿರುತ್ತವೆ. ಗ್ರಾಹಕನಿಗೆ ಇದರಿಂದ ವ್ಯತ್ಯಾಸವಿಲ್ಲ, ಆದರೆ ಕೋಟಿಗಟ್ಟಲೆ ಕೊಟ್ಟು ಕೊಂಡ ತರಂಗಾಂತರ ಎಷ್ಟು ದುಡಿಯುತ್ತಿದೆ ಎಂದು ತಿಳಿಯಬಯಸುವ ಷೇರುದಾರನಿಗೆ ಇದೆ.

ಏರ್‌ಟೆಲ್‌ನ ತ್ರೈಮಾಸಿಕ ವರದಿಯಲ್ಲಿ ಮನೆ ಸೇವೆಗೆ ಪ್ರತ್ಯೇಕ ವಿಭಾಗವಿದೆ: ಗ್ರಾಹಕರ ಸಂಖ್ಯೆ, ಹೊಸದಾಗಿ ಸೇರಿದವರು, ಎಆರ್‌ಪಿಯು, ಆದಾಯ, ಬಂಡವಾಳ ವೆಚ್ಚ ಎಲ್ಲವೂ ಬೇರೆ ಸಾಲುಗಳಲ್ಲಿ ಸಿಗುತ್ತವೆ. ಆ ಸಾಲುಗಳು ಹೇಳುವುದೆಲ್ಲ ಸಿಹಿಯಲ್ಲ. ಗ್ರಾಹಕರು ಏರುತ್ತಿದ್ದರೂ ಮನೆ ಸೇವೆಯ ಎಆರ್‌ಪಿಯು ಕೆಲವು ವರ್ಷಗಳಿಂದ ಇಳಿಮುಖವಾಗಿಯೇ ಇದೆ. ಆಫ್ರಿಕಾದ ವ್ಯವಹಾರವೂ ಈ ಷೇರಿನೊಳಗಿರುವುದರಿಂದ ಅಲ್ಲಿನ ಕರೆನ್ಸಿಗಳ ಏರಿಳಿತವನ್ನೂ ಸಹಿಸಿಕೊಳ್ಳಬೇಕು. ಆದರೂ ಕೆಟ್ಟ ಸುದ್ದಿ ಕಣ್ಣಿಗೆ ಕಾಣುವಂತಿದ್ದರೆ ಷೇರನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ನಾನೇ ತೀರ್ಮಾನಿಸಬಲ್ಲೆ.

ಈ ವ್ಯವಹಾರದ ಮಿತಿ ಎರಡೂ ಕಂಪನಿಗಳಿಗೆ ಒಂದೇ. ಒಂದು ಮನೆ ಬಳಸುವ ಡೇಟಾ ಒಂದು ಮೊಬೈಲಿನದಕ್ಕಿಂತ ಹಲವು ಪಟ್ಟು ಹೆಚ್ಚು, ಮತ್ತು ಗೋಪುರದ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಖಾಲಿ ಉಳಿದ ಸಾಮರ್ಥ್ಯವನ್ನು ಮಾರುವವರೆಗೆ ಮಾತ್ರ ಇದು ಲಾಭದ ಕೆಲಸ. ಅದು ತುಂಬಿದ ಬಡಾವಣೆಗೆ ಕೊನೆಗೆ ಫೈಬರ್ ಎಳೆಯಲೇಬೇಕಾಗುತ್ತದೆ. ಮಹಡಿಯ ಮೇಲೆ ಕೂರಿಸುವ ಪೆಟ್ಟಿಗೆ, ಅದನ್ನು ಜೋಡಿಸಲು ಬರುವವರ ಕೂಲಿ ಎಲ್ಲವೂ ಮುಂಗಡ ಖರ್ಚು. ಗ್ರಾಹಕ ಬೇಗ ಬಿಟ್ಟುಹೋದರೆ ಪೆಟ್ಟಿಗೆ ಕಳಚಿ ತಂದು ಬೇರೆಡೆ ಹಾಕಬೇಕು.

ಏರ್‌ಟೆಲ್ 2021ರಲ್ಲಿ ಹಾಲಿ ಷೇರುದಾರರಿಗೆಂದು ₹535ರ ದರದಲ್ಲಿ ಕೊಟ್ಟ ಹಕ್ಕಿನ (ರೈಟ್ಸ್) ಷೇರುಗಳಿಗೆ ಮೊದಲು ಕಟ್ಟಬೇಕಿದ್ದುದು ₹133.75 ಮಾತ್ರ, ಉಳಿದದ್ದು ಕಂಪನಿ ಕೇಳಿದಾಗ. ಮಾರುಕಟ್ಟೆಯಲ್ಲಿ ಅಂಥ ಒಂದಿಷ್ಟನ್ನು ಕೊಂಡ ನನಗೆ ಬ್ರೋಕರ್ ಆ್ಯಪ್ ಮುಂದೆ ಕಟ್ಟಬೇಕಾದ ಬಾಕಿಯನ್ನು ಎಲ್ಲಿಯೂ ತೋರಿಸಲಿಲ್ಲ. ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕಾಯಿತು.

ಹೆಕ್ಸಾಕಾಮ್ 2024ರ ಏಪ್ರಿಲ್‌ನಲ್ಲಿ ₹570ರ ಐಪಿಒ ಬೆಲೆಯೊಂದಿಗೆ ಪಟ್ಟಿಯಾಯಿತು. ರಾಜಸ್ಥಾನ ಮತ್ತು ಈಶಾನ್ಯ (ಅಸ್ಸಾಂ ಇದರಲ್ಲಿ ಸೇರಿಲ್ಲ) ದೂರಸಂಪರ್ಕ ವಲಯಗಳಷ್ಟೇ ಅದರ ಕ್ಷೇತ್ರ. ಫೈಬರ್ ಎಳೆಯುವುದು ಕಷ್ಟವಾದ ಗುಡ್ಡಗಾಡು ಮತ್ತು ಚದುರಿದ ಊರುಗಳೇ ಏರ್‌ಫೈಬರ್‌ಗೆ ಹೇಳಿ ಮಾಡಿಸಿದ ಜಾಗವಾದ್ದರಿಂದ ಆಸೆ ಹುಟ್ಟುವುದು ಸಹಜ, ಆದರೆ ಮುಖ್ಯ ತೀರ್ಮಾನಗಳು ಮಾತೃಸಂಸ್ಥೆ ಏರ್‌ಟೆಲ್‌ನ ಕೈಯಲ್ಲಿವೆ. ಅದರ ಷೇರು ಸ್ವಲ್ಪವೇ ಇಟ್ಟುಕೊಂಡಿದ್ದೇನೆ.

ಪ್ರತಿ ತಿಂಗಳು ಸಣ್ಣ ಮೊತ್ತ ಹಾಕುವ, ತ್ರೈಮಾಸಿಕ ವರದಿಯನ್ನು ಸ್ವತಃ ಓದುವ ಅಭ್ಯಾಸ ನನ್ನದಾದ್ದರಿಂದ ಏರ್‌ಟೆಲ್ ನನಗೆ ಒಗ್ಗಿದೆ. ವರದಿಗಳ ಗೋಜು ಬೇಡ, ಒಂದೇ ಷೇರಿನಲ್ಲಿ ಹಲವು ಉದ್ಯಮಗಳಿರಲಿ ಎನ್ನುವವರಿಗೆ ರಿಲಯನ್ಸ್ ಸರಿಹೋದೀತು. ಜಿಯೋವನ್ನು ಪ್ರತ್ಯೇಕವಾಗಿ ಷೇರುಪೇಟೆಗೆ ತರುವ ಮಾತನ್ನು ಮುಖೇಶ್ ಅಂಬಾನಿ 2025ರ ಆಗಸ್ಟ್‌ನ ವಾರ್ಷಿಕ ಸಭೆಯಲ್ಲಿ ಆಡಿದ್ದಾರೆ. ಆ ಷೇರು ಕೈಗೆ ಸಿಕ್ಕರೂ ಮನೆ ಸೇವೆಯ ಎಆರ್‌ಪಿಯುವನ್ನು ಬೇರೆಯಾಗಿ ಪ್ರಕಟಿಸದ ಹೊರತು ನನ್ನ ತಿಂಗಳ ಕಂತು ಆ ಕಡೆ ತಿರುಗದು.