ಶ್ರಾವಣದ ಅಳತೆ, ಸುಗ್ಗಿಯ ಅಳತೆ: ಮಿಲ್ಲಿನ ಸರ್ವರ್‌ಗಳನ್ನು ಕ್ಲೌಡಿಗೆ ಒಯ್ಯುವ ಮುನ್ನ ಹಾಕಿದ ಮೂರು ಲೆಕ್ಕ

ಗಂಗಾವತಿಯ ಸುತ್ತ ನಾಲ್ಕು ಅಕ್ಕಿ ಗಿರಣಿಗಳನ್ನು ನಡೆಸುವ ಕುಟುಂಬವೊಂದರ ಗಣಕ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ವೇಬ್ರಿಡ್ಜಿನ ತೂಕದ ಚೀಟಿ, ಭತ್ತದ ಖರೀದಿ ಲೆಕ್ಕ, ಗೋದಾಮಿನ ದಾಸ್ತಾನು, ಟ್ಯಾಲಿ, ಫೈಲ್ ಸರ್ವರ್ ಎಲ್ಲವೂ ಮೂರು ಹಳೆಯ ಸರ್ವರ್‌ಗಳ ಮೇಲೆ, ವಿಎಂವೇರ್‌ನ 26 ವರ್ಚುವಲ್ ಯಂತ್ರಗಳಲ್ಲಿ (ಸರ್ವರ್ ಒಳಗೆ ತಂತ್ರಾಂಶದಿಂದ ರೂಪಿಸಿದ ಯಂತ್ರಗಳಲ್ಲಿ) ನಡೆಯುತ್ತಿದ್ದವು. 2023ರ ನವೆಂಬರಿನಲ್ಲಿ ವಿಎಂವೇರ್ ಬ್ರಾಡ್‌ಕಾಮ್‌ನ ಪಾಲಾಗಿ, ಒಮ್ಮೆ ಕೊಂಡರೆ ಮುಗಿಯುತ್ತಿದ್ದ ಲೈಸೆನ್ಸ್ ಹೋಗಿ ಚಂದಾ ಪದ್ಧತಿ ಬಂದ ಮೇಲೆ, ಹೊಸ ಸರ್ವರ್ ಕೊಳ್ಳುವ ಬದಲು ಮೈಕ್ರೋಸಾಫ್ಟಿನ ಕ್ಲೌಡ್ ಸೇವೆಯಾದ ಅಜೂರ್‌ನ ಪುಣೆ ಕೇಂದ್ರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿ ಎಷ್ಟು ಸಾಮರ್ಥ್ಯವನ್ನು ಬಾಡಿಗೆಗೆ ಹಿಡಿಯಬೇಕೆಂಬುದನ್ನು ಮೂರು ವಿಧದಲ್ಲಿ ಅಳೆದು ನೋಡಿದೆ.

ಮೊದಲನೆಯದು ಆರ್‌ವಿಟೂಲ್ಸ್. ಅರ್ಧ ಗಂಟೆಯ ಕೆಲಸ. ಪ್ರತಿ ಯಂತ್ರಕ್ಕೆ ಕೊಟ್ಟಿರುವ ಪ್ರೊಸೆಸರ್, ಮೆಮೊರಿ, ಡಿಸ್ಕುಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಗಳಲ್ಲಿ ಕೊಡುತ್ತದೆ. ಒಟ್ಟು 118 ವಿಸಿಪಿಯು (ವರ್ಚುವಲ್ ಪ್ರೊಸೆಸರ್), 412 ಜಿಬಿ ಮೆಮೊರಿ, 9.6 ಟಿಬಿ ಡಿಸ್ಕ್ ಎಂದು ಬಂದಿತು. ಇದು ಕೊಟ್ಟದ್ದರ ಲೆಕ್ಕವೇ ಹೊರತು ಬಳಸಿದ್ದರದ್ದಲ್ಲ. ಆದರೂ ಐದು ಯಂತ್ರಗಳನ್ನು ಯಾರೋ ಎಂದೋ ಬಂದ್ ಮಾಡಿಟ್ಟು ಮರೆತಿರುವುದು ತಿಳಿದದ್ದು ಇಲ್ಲಿಂದಲೇ. ಇನ್ನೊಂದು ಉಪಕಾರವೂ ಆಯಿತು. ನಮ್ಮಲ್ಲಿ ಡಿಸ್ಕುಗಳು ಥಿನ್ (ತುಂಬಿದಷ್ಟೇ ಜಾಗ ಹಿಡಿಯುವಂಥವು) ಆಗಿದ್ದುದರಿಂದ 9.6 ಟಿಬಿಯಲ್ಲಿ ನಿಜವಾಗಿ ತುಂಬಿದ್ದು 3.8 ಟಿಬಿ ಮಾತ್ರ. ಅಜೂರ್‌ನ ಪ್ರೀಮಿಯಂ ಡಿಸ್ಕಿಗೆ ಬಾಡಿಗೆ ತುಂಬಿದ ಅಳತೆಗಲ್ಲ, ಹಿಡಿದ ಅಳತೆಗೆ. ಇದನ್ನು ಮೊದಲೇ ಗಮನಿಸದಿದ್ದರೆ ಖಾಲಿ ಜಾಗಕ್ಕೇ ಹೆಚ್ಚು ಹಣ ಸುರಿಯುತ್ತಿದ್ದೆವು.

ಎರಡನೆಯದು ಲೈವ್ ಆಪ್ಟಿಕ್ಸ್. ಇದನ್ನು ಆಗಸ್ಟಿನಲ್ಲಿ ಏಳು ದಿನ ಓಡಿಸಿದೆ. ಹೋಸ್ಟುಗಳ (ಆ ಮೂರು ಸರ್ವರುಗಳ) ಒಟ್ಟು ಬಳಕೆಯ ಚಿತ್ರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಉಪಕರಣವನ್ನು ನಾನು ಕಂಡಿಲ್ಲ. 95ನೇ ಶೇಕಡಾಂಕದಲ್ಲಿ (ನೂರು ಅಳತೆಗಳಲ್ಲಿ 95 ಇದರೊಳಗೇ ಇರುತ್ತವೆ) ನಮ್ಮ 60 ಕೋರ್‌ಗಳ ಬಳಕೆ ಶೇ 16ನ್ನೂ ಮುಟ್ಟಿರಲಿಲ್ಲ. ಆ ಲೆಕ್ಕದಲ್ಲಿ 36 ವಿಸಿಪಿಯು ಸಾಕೆನಿಸಿತು. ಸಾಹುಕಾರರಿಗೆ ಈ ಅಂಕಿ ಬಹಳ ಹಿಡಿಸಿತು. ಆದರೆ ಶ್ರಾವಣದಲ್ಲಿ ನಾಟಿ ಮುಗಿಸಿ ರೈತರು ಗದ್ದೆಯಲ್ಲಿರುತ್ತಾರೆ, ನಮ್ಮ ವೇಬ್ರಿಡ್ಜಿನ ಮುಂದೆ ದಿನಕ್ಕೆ ಹತ್ತು ಲಾರಿ ನಿಂತರೆ ಹೆಚ್ಚು. ತಪ್ಪು ಉಪಕರಣದ್ದಲ್ಲ, ನಾನು ಆರಿಸಿದ ವಾರದ್ದು.

ಆದ್ದರಿಂದ ಮೂರನೆಯ ಲೆಕ್ಕವನ್ನು ಸುಗ್ಗಿಗೆ ಕಾದು, ನವೆಂಬರ್ ನಡುವಿನಿಂದ ಒಂದು ತಿಂಗಳು ಅಜೂರ್ ಮೈಗ್ರೇಟ್‌ನಲ್ಲಿ ಮಾಡಿದೆ. ಇದು ವಿಎಂವೇರ್ ಯಂತ್ರಗಳಿಂದ 20 ಸೆಕೆಂಡಿಗೊಮ್ಮೆ ಮಾದರಿ ತೆಗೆದುಕೊಂಡು, ಹತ್ತು ನಿಮಿಷಕ್ಕೊಂದು ಗರಿಷ್ಠ ಅಂಕಿಯನ್ನು ಉಳಿಸಿಕೊಳ್ಳುತ್ತದೆ; ಆ ಮೇಲೆ ನಾವು ಆರಿಸಿದ ಶೇಕಡಾಂಕವನ್ನು, ಏರಿಳಿತಕ್ಕೆಂದು ಬಿಡುವ ಹೆಚ್ಚುವರಿ ಅವಕಾಶವಾದ ಕಂಫರ್ಟ್ ಫ್ಯಾಕ್ಟರ್‌ನಿಂದ ಗುಣಿಸುತ್ತದೆ. 95ನೇ ಶೇಕಡಾಂಕಕ್ಕೆ 1.3ರಂತೆ ಗುಣಿಸಿದಾಗ 64 ವಿಸಿಪಿಯು ಬಂದಿತು. ಆಗಸ್ಟಿನ ಅಂಕಿಗೂ ಇದಕ್ಕೂ ಹೆಚ್ಚುಕಡಿಮೆ ಇಮ್ಮಡಿಯ ಅಂತರ. ಇದು ಕೊಡುವ ನಂಬಿಕೆಯ ನಕ್ಷತ್ರಗಳು ನಮಗೆ ಐದಕ್ಕೆ ಮೂರೇ ದೊರೆತವು, ಏಕೆಂದರೆ ಅಂಕಿ ಸಂಗ್ರಹಿಸುವ ಯಂತ್ರವನ್ನು ನಾನು ಯುಪಿಎಸ್ ಇಲ್ಲದ ಕಡೆ ಇಟ್ಟಿದ್ದೆ, ಕರೆಂಟು ಹೋದಾಗಲೆಲ್ಲ ಅದೂ ಹೋಗುತ್ತಿತ್ತು. ನಕ್ಷತ್ರಗಳು ಹೇಳುವುದು ಅಂಕಿಗಳು ಎಷ್ಟು ಸಿಕ್ಕವು ಎಂಬುದನ್ನಷ್ಟೇ. ಶ್ರಾವಣದಲ್ಲಿ ಅಳೆದಿದ್ದರೂ ಐದು ನಕ್ಷತ್ರ ಸಿಗಬಹುದಿತ್ತು.

ಮೆಮೊರಿಯ ವಿಷಯದಲ್ಲಿ ಮಾತ್ರ ಈ ಮೂರನೆಯದನ್ನು ಕಣ್ಣು ಮುಚ್ಚಿ ನಂಬಬಾರದು. ಖರೀದಿ ಲೆಕ್ಕದ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರ್‌ಗೆ ನಾವು 64 ಜಿಬಿ ಕೊಟ್ಟಿದ್ದೆವು. ಅಜೂರ್ ಮೈಗ್ರೇಟ್ 32 ಸಾಕೆಂದಿತು. ವಿಎಂವೇರ್ ಯಂತ್ರದ ಮೆಮೊರಿ ಬಳಕೆಯೆಂದು ತೋರಿಸುವುದು ಇತ್ತೀಚೆಗೆ ಮುಟ್ಟಿದ ಪುಟಗಳನ್ನು (ಮೆಮೊರಿಯ ತುಣುಕುಗಳನ್ನು) ಮಾತ್ರ, ಆದರೆ ಡೇಟಾಬೇಸು ಡಿಸ್ಕಿಗೆ ಹೋಗುವುದನ್ನು ತಪ್ಪಿಸಲೆಂದೇ ಹಳೆಯ ಪುಟಗಳನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಅರ್ಧಕ್ಕಿಳಿಸಿದರೆ ಉಳಿತಾಯವಾಗುವುದು ಮೆಮೊರಿಯಲ್ಲಿ, ಹೊರೆ ಬೀಳುವುದು ಡಿಸ್ಕಿನ ಮೇಲೆ. ಇಲ್ಲಿ ಆರ್‌ವಿಟೂಲ್ಸ್‌ನ 64ನ್ನೇ ಉಳಿಸಿಕೊಂಡೆ.

ಡಿಸ್ಕಿನ ವೇಗದಲ್ಲಿಯೂ ಬರಿ ಗರಿಷ್ಠವನ್ನು ನೋಡಿ ಮೋಸ ಹೋಗುತ್ತಿದ್ದೆ. ಇದೇ ಡೇಟಾಬೇಸಿನಲ್ಲಿ ಸೆಕೆಂಡಿಗೆ 4,200 ಓದು-ಬರಹ ಕಂಡದ್ದು ರಾತ್ರಿ ಹನ್ನೊಂದರ ಬ್ಯಾಕಪ್ಪಿನಲ್ಲಿ. ಕ್ಲೌಡಿನಲ್ಲಿ ಬ್ಯಾಕಪ್ ಡಿಸ್ಕಿನ ಆ ಕ್ಷಣದ ಪ್ರತಿಯಾದ ಸ್ನ್ಯಾಪ್‌ಶಾಟ್ ಆಗುವುದರಿಂದ ಆ ಹೊರೆಯೇ ಇರುವುದಿಲ್ಲ. ಹಗಲಿನ ನಿಜವಾದ ಗರಿಷ್ಠ 1,900. ನಮ್ಮ ದತ್ತಾಂಶ 180 ಜಿಬಿಯಷ್ಟೇ ಆದರೂ 256 ಜಿಬಿಯ ಪ್ರೀಮಿಯಂ ಡಿಸ್ಕು ಸ್ಥಿರವಾಗಿ 1,100ನ್ನು ಮಾತ್ರ ಕೊಡುವುದರಿಂದ, 2,300 ಕೊಡುವ 512 ಜಿಬಿಯದನ್ನು ಹಿಡಿಯಬೇಕಾಯಿತು. ಬ್ಯಾಕಪ್ಪಿನ ಅಂಕಿಯನ್ನೇ ನಂಬಿದ್ದರೆ 5,000 ಕೊಡುವ 1 ಟಿಬಿ ಡಿಸ್ಕಿಗೆ ಹೋಗುತ್ತಿದ್ದೆ.

ಇನ್ನೊಂದು ವ್ಯತ್ಯಾಸವನ್ನು ಮೂರು ಉಪಕರಣಗಳಲ್ಲಿ ಯಾವುದೂ ಎದ್ದು ಕಾಣುವಂತೆ ತೋರಿಸಲಿಲ್ಲ. ನಮ್ಮ ಹೋಸ್ಟಿಗೆ ಬಿಡುವಿದ್ದಾಗ ಒಂದು ವಿಸಿಪಿಯುಗೆ ಪೂರ್ತಿ ಕೋರ್ ಸಿಗುತ್ತಿತ್ತು. ಅಜೂರ್‌ನ ಹೆಚ್ಚಿನ ಇಂಟೆಲ್ ಯಂತ್ರಗಳಲ್ಲಿ ವಿಸಿಪಿಯು ಎಂದರೆ ಕೋರಿನ ಎರಡು ಥ್ರೆಡ್‌ಗಳಲ್ಲಿ (ಒಟ್ಟಿಗೆ ನಡೆಯುವ ಕೆಲಸದ ಎಳೆಗಳಲ್ಲಿ) ಒಂದು. ಹಾಗಾಗಿ ತಿಂಗಳ ಕೊನೆಯ ವರದಿಯಂಥ ಒಂಟಿ ಎಳೆಯ ಕೆಲಸಗಳನ್ನು ಅಲ್ಲಿ ಒಮ್ಮೆ ಓಡಿಸಿ ನೋಡಿಯೇ ಅಳತೆಯನ್ನು ಗಟ್ಟಿ ಮಾಡಿದೆ.

ಕೊನೆಗೆ 64ನ್ನೂ ಪೂರ್ತಿಯಾಗಿ ಕಾಯ್ದಿರಿಸಲಿಲ್ಲ. ಮೂರು ವರ್ಷಕ್ಕೆ ಕಾಯ್ದಿರಿಸಿದರೆ ಅಗ್ಗವೆಂಬುದು ನಿಜ, ಆದರೆ ನಮ್ಮ ಎರಡನೆಯ ಬೆಳೆ ತುಂಗಭದ್ರಾ ನಾಲೆಯ ನೀರನ್ನು ನಂಬಿದೆ; ನೀರು ಬಾರದ ವರ್ಷ ಗಿರಣಿಗೆ ಅಷ್ಟು ಕೆಲಸವೇ ಇರುವುದಿಲ್ಲ. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ಎಲ್ಲರೂ ಆಡುತ್ತಿದ್ದುದು ಅದೇ ಚಿಂತೆಯನ್ನು. ಆಗಸ್ಟಿನ 36ನ್ನು ಒಂದು ವರ್ಷಕ್ಕೆ ಕಾಯ್ದಿರಿಸಿ, ಉಳಿದ 28ನ್ನು ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ ಗಂಟೆಯ ದರಕ್ಕೆ ಹಿಡಿಯುತ್ತೇವೆ. ಅಳತೆ ಬದಲಿಸಿದರೆ ಯಂತ್ರ ಒಮ್ಮೆ ಬಂದ್ ಆಗಿ ಮತ್ತೆ ಶುರುವಾಗುವುದರಿಂದ ಆ ಕೆಲಸವನ್ನು ಕೊನೆಯ ಲಾರಿ ತೂಗಿದ ಮೇಲೆ ಭಾನುವಾರ ರಾತ್ರಿ ಮಾಡುತ್ತೇನೆ.